ಎರಡನೆಯ ಅಚ್ಚು

ಹಲ್ಲಿನ ಡಾಕ್ಟರಮ್ಮನಿಗೆ ಕೂರಲು ಪುರುಸೊತ್ತಿರಲಿಲ್ಲ. ಎಲ್ಲಿಂದ ಬಂದೀತು? ರೋಗಿಗಳಿಗೆ ಫೋನ್ ಮಾಡುವವರು ಇವರೇ, ಬಿಲ್ ಬರೆಯುವವರು ಇವರೇ. ಸಿಸ್ಟರ್ ಇಕ್ಕಳ, ಕನ್ನಡಿಗಳನ್ನು ತೊಳೆದು, ಸ್ಟೆರಿಲೈಸ್ ಮಾಡಿ, ಕವರಿನಲ್ಲಿ ಸೀಲ್ ಮಾಡಿಟ್ಟರೆ, ಶುದ್ಧವಾಗಿದೆಯೋ ಇಲ್ಲವೋ ಎಂದು ಕವರ್ ಹರಿದು ನೋಡುವವರೂ ಇವರೇ. ಹರಿದ ಮೇಲೆ ಶುದ್ಧ ಎಲ್ಲಿ ಉಳಿಯಿತು, ಕರ್ಮ! ಮತ್ತೆ ತೊಳೆ, ಮತ್ತೆ ಸೀಲ್ ಮಾಡು. ಹೊರಗೆ ಬೆಂಚಿನ ಮೇಲೆ ಜನ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದರು.

ಆ ಮಧ್ಯಾಹ್ನ ಸಿಸ್ಟರ್ ಬಂದು ಎದುರಿಗೆ ನಿಂತಳು.

“ಮೇಡಂ, ಬೇರೆ ಕ್ಲಿನಿಕ್‌ನಲ್ಲಿ ಕರೀತಿದ್ದಾರೆ. ಹೋಗ್ತೀನಿ. ನಾನು ಮಾಡಿದ್ದನ್ನೆಲ್ಲ ನೀವು ಇನ್ನೊಂದ್ಸಲ ಮಾಡ್ತೀರಿ. ಮತ್ತೆ ನಾನ್ಯಾಕೆ?”

ಡಾಕ್ಟರಮ್ಮ ಬರೆಯುತ್ತಿದ್ದ ಬಿಲ್ ಪಕ್ಕಕ್ಕಿಟ್ಟರು. ಕ್ಲಿನಿಕ್ ತೆರೆದಂದಿನಿಂದ ಜೊತೆಗಿದ್ದವಳು. ಇವಳಿಲ್ಲದಿದ್ದರೆ ಬಾಗಿಲು ಹಾಕಬೇಕಾದೀತೆಂದು ಅವರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

“ಹೋಗ್ಬೇಡ ಕಣೇ. ಇನ್ಮೇಲೆ ಹಲ್ಲಿನ ಸೆಟ್‌ಗೆ ಅಚ್ಚು ತೆಗೆಯೋದು ನಿನ್ನ ಕೆಲಸ. ನಾನು ಕೈ ಹಾಕಲ್ಲ.”

“ಸರಿ, ಇವತ್ತೇ ನೋಡೋಣ” ಎಂದಳು ಸಿಸ್ಟರ್.

ಕುರ್ಚಿಯಲ್ಲಿ ಒಬ್ಬ ಮುದಿ ದರ್ಜಿ ಕೂತಿದ್ದ. ಸಿಸ್ಟರ್ ಅಚ್ಚಿನ ಪುಡಿಯನ್ನು ನೀರಿನಲ್ಲಿ ಕಲಸಿ, ಟ್ರೇಗೆ ತುಂಬಿ, ಅವನ ದವಡೆಗೆ ಒತ್ತಿ ಹಿಡಿದಳು. ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಕೂತರು. ಅಬ್ಬಾ, ಕೂರುವುದೆಂದರೆ ಇಷ್ಟು ಸುಖವೇ! ಕಣ್ಣು ಎಳೆಯತೊಡಗಿತು.

ಸಿಸ್ಟರ್ ಅಚ್ಚನ್ನು ತಂದು ತೋರಿಸಿದಳು. ಅಂಚು ನೀಟಾಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಡಾಕ್ಟರಮ್ಮ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸಿಸ್ಟರ್ ಅವರ ಮುಖವನ್ನೇ ನೋಡುತ್ತಿದ್ದಳು.

“ಚೆನ್ನಾಗೇ ಬಂದಿದೆ... ಯಾವುದಕ್ಕೂ ಇರಲಿ, ಇನ್ನೊಂದು ತೆಗೆದಿಟ್ಕೊಳ್ಳೋಣ.”

ಮಾತು ಮುಗಿಯುವಷ್ಟರಲ್ಲಿ ಅವರು ಕುರ್ಚಿಯ ಬಳಿ ಬಂದಾಗಿತ್ತು, ಕೈ ಪುಡಿ ಕಲಸುತ್ತಿತ್ತು.

“ಏನಮ್ಮಾ, ಈಗಷ್ಟೇ ಬಾಯಿ ತೊಳ್ಕೊಂಡೆ! ಇಷ್ಟರಲ್ಲೇ ನನ್ನ ದವಡೆ ಬೆಳೆದುಬಿಡ್ತಾ?” ಎಂದ ದರ್ಜಿ. ಯಾರೂ ನಗಲಿಲ್ಲ.

ಟ್ರೇ ಅವನ ಬಾಯೊಳಗೆ ಹೋಯಿತು, ಡಾಕ್ಟರಮ್ಮ ಒತ್ತಿ ಹಿಡಿದರು. ಸಿಸ್ಟರ್ ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು. “ಬರ್ತೀನಿ ಮೇಡಂ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಡಾಕ್ಟರಮ್ಮನಿಗೆ ಅದೇ ಹೆಚ್ಚು ನೋವಾಯಿತು.

“ನಿಲ್ಲೇ, ಒಂದ್ನಿಮಿಷ! ಇದು ಗಟ್ಟಿಯಾಗ್ಲಿ, ಬಂದೆ!”

ಹೊರಬಾಗಿಲು ಮುಚ್ಚಿಕೊಂಡಿತು. ಬೇಡದ ಅಚ್ಚು ಅದು, ಹಾಳಾದರೆ ಆಗಲಿ ಎಂದು ಬಿಟ್ಟು ಓಡಬಹುದಿತ್ತು. ಡಾಕ್ಟರಮ್ಮ ಕಣ್ಣೀರನ್ನು ಭುಜಕ್ಕೆ ಒರೆಸಿಕೊಂಡರು, ಕೈ ಮಾತ್ರ ಕದಲಿಸಲಿಲ್ಲ. ಅದು ಗಟ್ಟಿಯಾಗುವವರೆಗೂ ಹಿಡಿದುಕೊಂಡೇ ನಿಂತರು.