ಬ್ರೇಕು ಒತ್ತದ ಶಂಕ್ರಪ್ಪನವರು

ಶಂಕ್ರಪ್ಪನವರು ಥಟ್ಟನೆ ನಿಂತದ್ದನ್ನು ಶಿರಸಿಯಲ್ಲಿ ಕಂಡವರಿಲ್ಲ. ಪೇಟೆಯಲ್ಲಿ ಪರಿಚಿತರು ಎದುರಾದರೆ ಅಷ್ಟು ದೂರದಿಂದಲೇ ಅವರ ಹೆಜ್ಜೆ ಹಗುರಾಗುತ್ತದೆ, ಧೋತರದ ನಿರಿಗೆಯ ಬೀಸು ತಗ್ಗುತ್ತದೆ, ಕೈ ಮುಗಿಯುವ ಹೊತ್ತಿಗೆ ಸರಿಯಾಗಿ ದೋಣಿ ದಡಕ್ಕೆ ತಾಗಿದ ಹಾಗೆ ಬಂದು ನಿಲ್ಲುತ್ತಾರೆ. ಕುರ್ಚಿಯಲ್ಲಿ ಕೂರುವುದೂ ಹಾಗೆಯೇ, ತಾಟಿನ ಮುಂದಿನಿಂದ ಏಳುವುದೂ ಹಾಗೆಯೇ. ಮಾತು ಕೂಡ, ಹೇಳಬೇಕಾದ್ದು ಮುಗಿದ ಮೇಲೂ, ‘ಆತು... ಹಂಗಾದ್ರ... ನೋಡೂಣಂತ’ ಎಂದು ಒಂದಿಷ್ಟು ದೂರ ತಾನಾಗಿಯೇ ಉರುಳಿ, ವೇಗ ಕಳೆದುಕೊಂಡು, ಆಮೇಲೆ ಮೌನವನ್ನು ಸೇರುತ್ತದೆ. ದಾವಣಗೆರೆಯಲ್ಲಿ ಓದಿ ಬೆಳೆದ ಸೊಸೆ ಶೈಲಾ, ಮದುವೆಯಾಗಿ ಬಂದ ಹೊಸತರಲ್ಲಿ, ಮಾವನವರಿಗೆ ಮಂಡಿನೋವಿರಬೇಕೆಂದು ತಿಳಿದು ಒಳ್ಳೆಯ ಎಣ್ಣೆಯೊಂದನ್ನು ತರಿಸಿಕೊಟ್ಟಿದ್ದಳು. ಅವರ ಡೀಸೆಲ್ ಕಾರಿನಲ್ಲಿ ಕೂತ ಮೊದಲ ದಿನವೇ, ತೊಂದರೆ ಇರುವುದು ಮಂಡಿಯಲ್ಲಲ್ಲ ಎಂಬುದು ಅವಳಿಗೆ ಮನವರಿಕೆಯಾಯಿತು.

ಆ ಕಾರನ್ನು ಅವರು ನಡೆಸುವುದು ಒಂದು ವ್ರತದಂತೆ. ಬಲಗಾಲಿನ ಚಪ್ಪಲಿಯನ್ನು ಮಾತ್ರ ಬಿಚ್ಚಿಡುತ್ತಾರೆ. ಆಕ್ಸಿಲರೇಟರಿಗೂ ಪಾದಕ್ಕೂ ನಡುವೆ ಚರ್ಮದ ಅಡ್ಡಿ ಸಲ್ಲದು. ಆ ಬಿಡಿ ಚಪ್ಪಲಿ ಉರುಳಿ ಪೆಡಲಿನ ಕೆಳಗೆ ಸೇರಿದರೆ ಗತಿಯೇನೆಂದು ಶೈಲಾ ಅದನ್ನು ಪ್ರತಿ ಸಲವೂ ಎತ್ತಿ ತನ್ನ ಕಾಲಬುಡದಲ್ಲಿ ಇಟ್ಟುಕೊಳ್ಳುತ್ತಾಳೆ. ತೋಳಿಲ್ಲದ ಬೂದುಬಣ್ಣದ ಕೋಟಿನ ಜೇಬಿನಲ್ಲಿ, ಉಳಿದವರು ಪೆನ್ನು ಸಿಕ್ಕಿಸಿಕೊಳ್ಳುವ ಕಡೆ, ಶಂಕ್ರಪ್ಪನವರು ಟಯರಿನ ಗಾಳಿ ನೋಡುವ ಮೀಟರನ್ನು ಸಿಕ್ಕಿಸಿಕೊಂಡಿರುತ್ತಾರೆ. ರಸ್ತೆಯ ಹಂಪು ಕಾಣುವುದಕ್ಕೆ ಮೊದಲೇ, ಅದು ಅಲ್ಲಿದೆ ಎಂಬ ನೆನಪಿನಿಂದಲೇ, ಕಾಲೆತ್ತಿಬಿಡುತ್ತಾರೆ. ಬ್ರೇಕು ಒತ್ತುವುದೆಂದರೆ ಅವರ ಪ್ರಕಾರ ಸುಟ್ಟ ಡೀಸೆಲ್ಲನ್ನು ಮತ್ತೆ ಬೊಗಸೆಯಲ್ಲಿ ಹಿಡಿದು ರಸ್ತೆಗೆ ಚೆಲ್ಲಿದ ಹಾಗೆ. ಎ.ಸಿ.ಯ ಗುಂಡಿಯ ಮೇಲೆ ಧೂಳು ಕೂತಿದೆ. ಭಾರ ತಗ್ಗಲೆಂದು ಸ್ಟೆಪ್ನಿಯನ್ನೇ ಇಳಿಸಿ ಅಂಗಡಿಯಲ್ಲಿ ಇಟ್ಟಿದ್ದಾರೆಂದು ತಿಳಿದ ದಿನ ಶೈಲಾ ಗಂಡ ವಿನೋದನ ಮುಂದೆ ಅತ್ತೇಬಿಟ್ಟಳು: ಕೂಸು ಜೊತೆಗಿರುವಾಗ ಕಾಡಿನ ನಡುವೆ ಟಯರು ಪಂಕ್ಚರಾದರೆ? ಸ್ಟೆಪ್ನಿ ತಿರುಗಿ ಬಂತು. ಮಾರನೆಯ ದಿನವೇ ಡಿಕ್ಕಿಯಿಂದ ಜ್ಯಾಕು ಮಾಯವಾಯಿತು.

ಇಷ್ಟಕ್ಕೆಲ್ಲ ಕಾರಣ ಒಂದು ಅಂಕಿ. ಕಾರು ಕೊಂಡ ದಿನ ಶೋರೂಮಿನವನು ನುಣುಪಾದ ಕಾಗದವೊಂದನ್ನು ಮುಂದೆ ಹಿಡಿದು, ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರು ಎಂದು ಬೆರಳಿಟ್ಟು ತೋರಿಸಿದ್ದ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಗಂಡಸರೆಲ್ಲ ಡೀಸೆಲ್ ಬಂಕಿನ ಮುಂದೆ ನಿಂತು ತಂತಮ್ಮ ಕಾರುಗಳ ಬಗ್ಗೆ ಇಪ್ಪತ್ತೈದು, ಇಪ್ಪತ್ತಾರು ಎಂದು ಕೂಗಿ ಹೇಳುವಾಗ, ಬನವಾಸಿ ರಸ್ತೆಯಲ್ಲಿ ಪೈಪು-ಪಂಪ್‌ಸೆಟ್ಟಿನ ಅಂಗಡಿ ಇಟ್ಟು ಗೌರವದಿಂದ ಬಾಳಿದ ಶಂಕ್ರಪ್ಪನವರು ಮಾತ್ರ, ತಮ್ಮದು ಹದಿನೇಳು ಎಂದು ತಲೆ ತಗ್ಗಿಸಿ ನಿಜ ನುಡಿಯುತ್ತಿದ್ದರು. ಸುಳ್ಳು ಹೇಳಲು ಅವರಿಗೆ ಬಾರದು. ಅದಕ್ಕೇ ಆ ಅಂಕಿಯನ್ನು ನಿಜ ಮಾಡಲು ಹೊರಟರು. ಕಂಪನಿಯವರು ಕಾರನ್ನು ರಸ್ತೆಯಲ್ಲಿ ಓಡಿಸಿ ನೋಡುವುದಿಲ್ಲ, ಮುಚ್ಚಿದ ಕೋಣೆಯೊಳಗೆ ಉರುಳೆಗಳ ಮೇಲೆ ನಿಲ್ಲಿಸಿ ಚಕ್ರ ತಿರುಗಿಸಿ ಅಳೆಯುತ್ತಾರೆ, ಅಲ್ಲಿ ಏರಿಲ್ಲ, ಎದುರುಗಾಳಿಯಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ ಎಂದು ಶೈಲಾ ಎಲ್ಲೋ ಓದಿದ್ದನ್ನು ಬಿಡಿಸಿ ಹೇಳಿದಾಗ ಅವರಿಗೆ ಒಂದೇ ಪ್ರಶ್ನೆ ಹೊಳೆಯಿತು.

“ರಸ್ತೇನ ಇಲ್ಲಂದ ಮ್ಯಾಲ, ಅದು ಹೋಗಿದ್ದಾದ್ರೂ ಎಲ್ಲಿಗವಾ?” ಎಂದರು.

ಆದರೂ ಆ ಅಂಕಿ ಒಮ್ಮೆ ಬಂದೇಬಿಟ್ಟಿತ್ತು. ಎರಡು ವರ್ಷದ ಕೆಳಗೆ, ಮಳೆಗಾಲಕ್ಕೆ ಮುಂಚಿನ ಒಂದು ಮೋಡದ ದಿನ, ಹುಬ್ಬಳ್ಳಿಯಿಂದ ಮರಳುವಾಗ, ಪಕ್ಕದಲ್ಲಿ ಹೆಂಡತಿ ಶಾರದವ್ವ ಕೂತಿದ್ದಾಗ. ಬಿಸಿಲಿರಲಿಲ್ಲ, ಗಾಳಿಯಿರಲಿಲ್ಲ, ರಸ್ತೆ ಖಾಲಿಯಿತ್ತು. ಸ್ಟಿಯರಿಂಗಿನ ಹಿಂದಿನ ಪುಟ್ಟ ಪರದೆಯಲ್ಲಿ ಇಪ್ಪತ್ನಾಲ್ಕು ಮೂಡಿತ್ತು. ಆಗ ಶಿರಸಿಗೆ ಮುಂಚಿನ ಹಳ್ಳಿ ಎಕ್ಕಂಬಿ ಬಂತು. ಅಲ್ಲಿ ಶಾರದವ್ವನ ತಂಗಿ ದುರ್ಗಮ್ಮ, ಅಕ್ಕ ಬರುವ ಸುದ್ದಿ ತಿಳಿದು, ಸೊಂಟದ ಮೇಲೆ ಹಲಸಿನಹಣ್ಣು ಹೊತ್ತುಕೊಂಡು ಬಂದು ರಸ್ತೆಯಂಚಿನಲ್ಲಿ ಕೈಯೆತ್ತಿ ನಿಂತಿದ್ದಳು. ಶಂಕ್ರಪ್ಪನವರು ಕಾಲೆತ್ತಿದರು, ಕಾರು ನಿಧಾನವಾಯಿತು, ಪರದೆಯ ಕಡೆಗೆ ಒಮ್ಮೆ ನೋಡಿದರು, ಪಾದ ಮತ್ತೆ ಇಳಿಯಿತು. ಶಿರಸಿ ಮುಟ್ಟಿ ತಿರುಗಿ ಬಂದರಾಯಿತು ಎಂದರಂತೆ. ಶಾರದವ್ವ ಹೊರಳಿ ನೋಡಿದರು. ತಂಗಿಯ ಕೈ ಇನ್ನೂ ಕೆಳಗಿಳಿದಿರಲಿಲ್ಲ.

ಶಿರಸಿಯ ನೂಕುನುಗ್ಗಲಿಗೆ ಸಿಕ್ಕಿ ಮನೆ ಸೇರುವಷ್ಟರಲ್ಲಿ ಆ ಇಪ್ಪತ್ನಾಲ್ಕೂ ಕರಗಿಹೋಗಿತ್ತು. ಕಾರಿನಿಂದ ಇಳಿದ ಶಾರದವ್ವ ಮೆಟ್ಟಿಲು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ನಿಂತು ಗಂಡನಿಗೆ ಹೇಳಿದ್ದು ಇಷ್ಟೇ:

“ನಿಮ್ಮ ಗಾಡ್ಯಾಗ ಇನ್ನ ನನ್ನ ಭಾರ ಬ್ಯಾಡ್ರಿ.”

ಅಂದೇ ಬಸ್ಸು ಹಿಡಿದು ಎಕ್ಕಂಬಿಗೆ ಹೋದರು. ಅಂದಿನಿಂದ ಆ ಕಾರಿಗೆ ಕಾಲಿಟ್ಟಿಲ್ಲ. ಮನೆಯಲ್ಲಿ ಉಳಿದದ್ದೆಲ್ಲ ಎಂದಿನಂತೆಯೇ. ಗಂಡನಿಗೆ ಬಿಸಿಯಾರದ ರೊಟ್ಟಿ, ಸಂಜೆಯ ಚಹಾ, ಊರಿನ ಸುದ್ದಿ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಪ್ರತಿ ಸೋಮವಾರ ತಂಗಿಯನ್ನು ನೋಡಲು ಹೊರಡುವುದು ಸರ್ಕಾರಿ ಬಸ್ಸಿನಲ್ಲೇ. ಹೊರಡುವ ಮೊದಲು ಶಂಕ್ರಪ್ಪನವರು ಸೊಸೆಯನ್ನು ಕರೆದು, ನಿಮ್ಮತ್ತಿ ಇವತ್ತು ಎದರಾಗ ಹೋಗ್ತಾಳಂತ ಕೇಳವಾ ಎನ್ನುತ್ತಾರೆ. ಒಳಗಿನಿಂದ ಶಾರದವ್ವ, ಕೇಳಿದವಳು ಸೊಸೆಯೇ ಎಂಬಂತೆ, ಉತ್ತರ ಕೊಡುತ್ತಾರೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದಾದ ಮೇಲಂತೂ ಆ ಉತ್ತರಕ್ಕೆ ಕುಟುಕೊಂದು ಸೇರಿದೆ.

“ನನ್ನ ಬಸ್ಸಿನ ಮೈಲೇಜು ನಿಮ್ಮ ಮಾವನ ಕಂಪನ್ಯಾರಿಗೂ ಬರಿಯಾಕ ಆಗಂಗಿಲ್ಲ ಅಂತ ಹೇಳವಾ.”

ಶಂಕ್ರಪ್ಪನವರು ನಗುವುದಿಲ್ಲ. ಹೋಗಿ ಕಾರಿನ ಎಡಗಡೆಯ ಸೀಟನ್ನು ಒರೆಸುತ್ತಾರೆ. ಗಿಡ್ಡ ಆಳಾದ ಶಾರದವ್ವನಿಗೆ ಹೊಂದುವಂತೆ ಮುಂದಕ್ಕೆ ಎಳೆದಿಟ್ಟ ಆ ಸೀಟನ್ನು ಹಿಂದಕ್ಕೆ ಸರಿಸಲು ಯಾರನ್ನೂ ಬಿಟ್ಟಿಲ್ಲ. ಉದ್ದ ಕಾಲಿನ ಶೈಲಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂರುತ್ತಾಳೆ, ಹಿಂದಿನಿಂದಲೇ ನೋಡುತ್ತಾಳೆ. ದಾರಿಯಲ್ಲಿ ಯಾರದೋ ಹೊಸ ಮನೆಗೆ ಬಣ್ಣ ಬಳಿದದ್ದು ಕಂಡರೆ, ಗದ್ದೆಯಲ್ಲಿ ಕೊಕ್ಕರೆಗಳ ಹಿಂಡು ಇಳಿದದ್ದು ಕಂಡರೆ, ಮಾವನವರ ತಲೆ ‘ನೋಡ ಇಲ್ಲೆ’ ಎಂದು ತಾನಾಗಿ ಎಡಕ್ಕೆ ಹೊರಳುತ್ತದೆ. ಅಲ್ಲಿ ಬರಿಯ ಬೆಲ್ಟು ತೂಗಾಡುತ್ತಿರುತ್ತದೆ. ಎಲ್ಲ ಮಾತನ್ನೂ ಉರುಳಿಸಿ ಉರುಳಿಸಿ ನಿಲ್ಲಿಸುವ ಅವರ ಆ ಒಂದು ಮಾತು ಮಾತ್ರ ಥಟ್ಟನೆ ನಿಲ್ಲುತ್ತದೆ.

ಸೋಮವಾರ ಶಾರದವ್ವ ಬಸ್‌ಸ್ಟ್ಯಾಂಡಿಗೆ ಹೊರಟ ಸ್ವಲ್ಪ ಹೊತ್ತಿಗೆ ಅವರೂ, ಟಯರಿಗೆ ಗಾಳಿ ಹಿಡಿಸಿಕೊಂಡು ಬರ್ತೀನಿ ಎಂದು ಕಾರು ತೆಗೆಯುತ್ತಾರೆ, ಬರುವುದು ಸಂಜೆಗೆ. ಹಳೆಯ ಹುಚ್ಚು, ಅಂಕಿಯ ಬೆನ್ನು ಹತ್ತಿ ಎಲ್ಲೆಲ್ಲೋ ಅಲೆಯುತ್ತಾರೆ ಎಂದು ವಿನೋದ ಬೇಸರಪಡುತ್ತಿದ್ದ. ಶೈಲಾಳೂ ಹಾಗೆಯೇ ತಿಳಿದಿದ್ದಳು.

ಈಚೆಗೆ ಒಂದು ಸೋಮವಾರ ಕೂಸು ಸುಮಂತನ ಕಿವಿ ಸೋರತೊಡಗಿ, ಹುಬ್ಬಳ್ಳಿಯ ಡಾಕ್ಟರನ್ನು ಕಾಣಲೇಬೇಕಾಯಿತು. ವಿನೋದನಿಗೆ ಅಂಗಡಿ ಬಿಡುವಂತಿರಲಿಲ್ಲ. ಶಂಕ್ರಪ್ಪನವರು ತಾವೇ ಕರೆದೊಯ್ಯುತ್ತೇನೆಂದರು. ಜ್ವರದ ಔಷಧಿ, ಥರ್ಮಾಮೀಟರು, ಹತ್ತಿ, ಎರಡು ಜೊತೆ ಬಟ್ಟೆ, ಕಾಯಿಸಿ ಆರಿಸಿದ ನೀರು ಎಲ್ಲವನ್ನೂ ಚೀಲಕ್ಕೆ ತುಂಬಿ, ಏನೋ ಮರೆತೆ ಎಂದು ಎರಡು ಸಲ ಒಳಗೆ ಹೋಗಿ ಬಂದು ಶೈಲಾ ಹತ್ತಿದಳು. ಡಾಕ್ಟರು ಮಧ್ಯಾಹ್ನದೊಳಗೆ ಎದ್ದುಬಿಡುತ್ತಾರೆ ಎಂಬುದೊಂದೇ ಅವಳ ತಲೆಯಲ್ಲಿ. ಊರು ದಾಟುತ್ತಲೇ ಮುಂದೆ ಹುಬ್ಬಳ್ಳಿಯ ಬಸ್ಸು ಸಿಕ್ಕಿತು. ರಸ್ತೆ ನೇರವಾಗಿತ್ತು, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ಆದರೂ ಕಾರು ಅದರ ಹಿಂದೆಯೇ ತೆವಳಿತು. ಬಸ್ಸು ನಿಂತಿತು. ಶಂಕ್ರಪ್ಪನವರು ಬ್ರೇಕು ಒತ್ತಿದರು. ಮೈ ಮುಂದಕ್ಕೆ ಮುಗ್ಗರಿಸಿದಾಗ ಶೈಲಾಗೆ ಮೊದಲು ಹೊಳೆದದ್ದು, ಈ ಕಾರಿಗೆ ಬ್ರೇಕು ಇದೆ ಎಂಬುದು. ಬಸ್ಸು ಹೊರಟಿತು, ಕಾರು ಹೊರಟಿತು; ಬಸ್ಸು ನಿಂತಿತು, ಕಾರು ನಿಂತಿತು. ಪರದೆಯ ಅಂಕಿ ಹದಿನಾಲ್ಕಕ್ಕೆ ಇಳಿಯಿತು, ಹನ್ನೊಂದಕ್ಕೆ ಇಳಿಯಿತು. ಅವರು ಅತ್ತ ನೋಡಲೇ ಇಲ್ಲ. ಬಸ್ಸಿನ ಹೊಗೆಗೆ ಸುಮಂತ ಕೆಮ್ಮತೊಡಗಿದಾಗ, ಯಾರೂ ಕೇಳದೆಯೇ, ಕಿಟಕಿ ಏರಿಸಿ ಎ.ಸಿ.ಯ ಗುಂಡಿ ಒತ್ತಿದರು.

ಹೊತ್ತಾಗುತ್ತಿದೆ, ಬಸ್ಸನ್ನು ದಾಟಿ ಮಾವ ಎಂದು ಅವಳು ಮೂರನೆಯ ಸಲ ಬೇಡಿಕೊಳ್ಳುವಾಗ, ಮುಂದಿನ ಹಳ್ಳಿಯ ಸ್ಟಾಪಿನಲ್ಲಿ ಬಸ್ಸು ಮತ್ತೆ ನಿಂತಿತು. ಡ್ರೈವರಿನ ಕನ್ನಡಿಯಲ್ಲಿ ಕಾರನ್ನು ಕಂಡಿರಬೇಕು, ಶಾರದವ್ವ ಇಳಿದರು. ಕಂಡಕ್ಟರಿಗೆ ಏನೋ ಹೇಳಿ ಬಸ್ಸು ನಿಲ್ಲಿಸಿಕೊಂಡು ಸೀದಾ ಕಾರಿನ ಬಳಿ ಬಂದು ಹಿಂದಿನ ಬಾಗಿಲು ತೆಗೆದರು. ಗಂಡನ ಕಡೆ ತಿರುಗದೆ, ಆದರೆ ಗಂಡನಿಗೇ ಹೇಳಿದರು:

“ದೊಡ್ಡೋರು ಕುಡೀರಿ ಬೇಕಾದಷ್ಟು ಹೊಗಿ. ಕೂಸಿಗ್ಯಾಕ ಕುಡಸ್ತೀರಿ?”

ಸುಮಂತನನ್ನು ಎತ್ತಿಕೊಂಡು ಬಸ್ಸು ಹತ್ತಿಯೇಬಿಟ್ಟರು. ಬಸ್ಸಿನ ಕಿಟಕಿಗೆ ಸರಳಿರುತ್ತದೋ ಇಲ್ಲವೋ, ಕೂಸು ತಲೆ ಹೊರಗೆ ಹಾಕಿದರೆ, ತಿರುವಿನಲ್ಲಿ ಅತ್ತೆಯ ಕೈ ಜಾರಿದರೆ. ಈಗಷ್ಟೇ ದಾಟಿರೆಂದು ಗೋಗರೆದ ಶೈಲಾ ಮುಂದಿನ ಸೀಟಿನ ಬೆನ್ನು ಹಿಡಿದು ಬಾಗಿದಳು.

“ಮಾವ, ಬಸ್ಸನ್ನ ಬಿಡಬೇಡಿ.”

“ಬಿಡೂದಿಲ್ಲವಾ,” ಎಂದರು ಶಂಕ್ರಪ್ಪನವರು. “ಎರಡು ವರ್ಷಾತು. ಒಂದ ಸೋಮವಾರಾನೂ ಬಿಟ್ಟಿಲ್ಲ.”

ಶೈಲಾ ಹಿಂದಕ್ಕೊರಗಿದಳು. ಮಧ್ಯಾಹ್ನದ ಡಾಕ್ಟರು ಒಂದು ಕ್ಷಣ ಮರೆತೇಹೋದರು. ಬಸ್ಸು ಮುಂದೆ, ಕಾರು ಹಿಂದೆ. ನಡುವೆ ಎದ್ದ ಕೆಂಪು ಧೂಳು. ಆ ಧೂಳಿನಾಚೆ ಬಸ್ಸಿನ ಹಿಂದಿನ ಗಾಜಿಗೆ ಪುಟ್ಟ ಅಂಗೈಯೊಂದು ಒತ್ತಿಕೊಂಡಿತು, ಅದರ ಪಕ್ಕದಲ್ಲಿ ಹಸಿರು ಬಳೆಯ ಕೈಯೊಂದು ಕೂಸಿಗೆ ಕಾರನ್ನು ತೋರಿಸುತ್ತಿತ್ತು. ಮಾವನವರು ಬಲಗೈಯನ್ನು ಸ್ಟಿಯರಿಂಗಿನಿಂದ ಸ್ವಲ್ಪವೇ ಎತ್ತಿದರು. ಅದು ಮೊಮ್ಮಗನಿಗೋ ಮತ್ತಾರಿಗೋ ಹೇಳುವುದು ಕಷ್ಟ. ಎಕ್ಕಂಬಿಯಲ್ಲಿ ಶಾರದವ್ವ ಕೂಸನ್ನು ಮರಳಿ ಕೊಟ್ಟು, ಕತ್ತಲಾಗುವುದರೊಳಗೆ ಮನೆ ಸೇರಿಕೊಳ್ಳಿ ಎಂದು ಸೊಸೆಗೆ ಹೇಳಿ, ಎಡಗಡೆಯ ಕಿಟಕಿಯ ಗಾಜಿನಿಂದ ಒಳಗಿನ ಖಾಲಿ ಸೀಟನ್ನು ಒಮ್ಮೆ ನೋಡಿ, ತಂಗಿಯ ಮನೆಯ ದಾರಿ ಹಿಡಿದರು. ಹುಬ್ಬಳ್ಳಿಯಲ್ಲಿ ಡಾಕ್ಟರು ಇನ್ನೇನು ಏಳುವುದರಲ್ಲಿದ್ದರು, ಸಿಕ್ಕರು.

ಶಾರದವ್ವ ಇಂದಿಗೂ ಕಾರು ಹತ್ತಿಲ್ಲ. ಆದರೆ ಬಸ್ಸಿನಲ್ಲಿ ಮೊದಲೆಲ್ಲ ಡ್ರೈವರಿನ ಹಿಂದೆಯೇ ಜಾಗ ಹಿಡಿಯುತ್ತಿದ್ದವರು ಈಗ ಕಟ್ಟಕಡೆಯ ಸೀಟಿನಲ್ಲಿ, ಗಾಜಿಗೆ ತಾಗಿ ಕೂರುತ್ತಾರಂತೆ. ಗುಂಡಿ ಬಂದಾಗಲೆಲ್ಲ ಸೊಂಟ ಕುಲುಕಿ, ಮಂಗಳವಾರ ಇಡೀ ದಿನ ಸೊಸೆಯಿಂದ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಮುಂದೆ ಕೂರಬಾರದೇ ಅತ್ತೆ ಎಂದು ಶೈಲಾ ಕೇಳುವುದಿಲ್ಲ.

ಶಂಕ್ರಪ್ಪನವರಂಥ ಗಂಡಸರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ತಪ್ಪಾಯಿತು ಎಂಬ ಒಂದು ಮಾತು ಜನ್ಮವಿಡೀ ಅವರ ನಾಲಗೆಗೆ ಒಗ್ಗುವುದಿಲ್ಲ. ಅದರ ಬದಲಿಗೆ ತಮಗೆ ಯಾವುದು ಪ್ರಾಣವೋ ಅದನ್ನೇ ಯಾರಿಗೂ ಹೇಳದೆ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಕೆಡಿಸಿಕೊಳ್ಳುತ್ತ ಬರುತ್ತಾರೆ. ಅವರ ಜೊತೆ ಬಾಳಿದವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ಬಿದ್ದರೂ, ಆ ಹೆಂಗಸರು ಒಮ್ಮೆಗೇ ಇಳಿದು ಬಂದುಬಿಡುವುದಿಲ್ಲ. ಕಾಣುವಷ್ಟು ಹತ್ತಿರಕ್ಕೆ ಸರಿದು ಕೂರುತ್ತಾರೆ.