ನನ್ನನ್ನು ಯಾರೂ ಒದ್ದಿಲ್ಲ

ನಾನು ಒಂದು ಬೆಂಚು. ಹುಬ್ಬಳ್ಳಿಯ ಸಿಗ್ನಲ್ ಓಣಿಯಲ್ಲಿ, ಫುಟ್ಬಾಲ್ ಮೈದಾನದ ಗೇಟಿನ ಪಕ್ಕ, ಮಾಬೂಬಿಯ ಚಹಾ ಅಂಗಡಿಯ ಮುಂದೆ ಇದ್ದೇನೆ. ಓಣಿಯಲ್ಲಿ ಯಾರನ್ನೇ ಕೇಳಿ, "ಫೈನಲ್‌ನ್ಯಾಗ ಯಮನೂರಿ ಒದ್ದ ಬೆಂಚು" ಎಂದೇ ನನ್ನನ್ನು ತೋರಿಸುತ್ತಾರೆ. ಪರವೂರಿನ ಬೀಗರು ಬಂದರೆ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಗ ನನ್ನ ಮೈಯೆಲ್ಲ ಉರಿಯುತ್ತದೆ. ನನ್ನನ್ನು ಯಾರೂ ಒದ್ದಿಲ್ಲ. ಒದ್ದಿದ್ದರೆ ಎಲ್ಲರಿಗಿಂತ ಮೊದಲು ಗೊತ್ತಾಗಬೇಕಾದದ್ದು ನನಗಲ್ಲವೇ?

ಇರಲಿ, ಮೊದಲಿನಿಂದ ಹೇಳುತ್ತೇನೆ. ನಾನು ಹುಟ್ಟಿದ್ದು ದಾಂಡೇಲಿಯ ಕಾಡಿನಲ್ಲಿ, ಮತ್ತಿ ಮರವಾಗಿ. ಕಡಿದು, ಸೀಳಿ, ಡಾಂಬರೆಣ್ಣೆ ಕುಡಿಸಿ ರೈಲು ಹಳಿಯ ಕೆಳಗೆ ಹಾಸಿದರು. ಇಪ್ಪತ್ತೆರಡು ವರ್ಷ ಅಲ್ಲಿ ಮಲಗಿದ್ದೆ. ಅದಿರು ತುಂಬಿದ ಗೂಡ್ಸ್ ಗಾಡಿಗಳು ಎದೆಯ ಮೇಲೆ ಹಾದುಹೋದವು, ಒಂದು ದಿನವೂ ನಾನು ದೂರಲಿಲ್ಲ. ಗಾಡಿ ತನ್ನ ಭಾರ ಇಳಿಸಿ ಮುಂದೆ ಹೋಗುತ್ತದೆ. ಈಗ ನನ್ನ ಮೇಲೆ ಕೂರುವವರು ಹಾಗಲ್ಲ, ಕೂತಲ್ಲೇ ಕೂತು ಅದೇ ಮಾತನ್ನು ಒಂಬತ್ತು ವರ್ಷ ಆಡುತ್ತಾರೆ.

ಸಿಮೆಂಟಿನ ದಿಮ್ಮಿಗಳು ಬಂದ ಮೇಲೆ ನಮ್ಮನ್ನು ಕಿತ್ತು ಹರಾಜು ಹಾಕಿದರು. ಬಡಿಗೇರ ಮೌನಪ್ಪ ಎಂಬುವವರು ನನ್ನನ್ನು ಕೊಂಡು, ಒಂದು ವಾರ ಬಾಚಿ ಹಿಡಿದು ಬೆವರಿಳಿಸಿ, ಬೆಂಚು ಮಾಡಿದರು. ಅವರ ಎರಡು ಕೀಸುಳಿಯ ಅಲಗು ನನ್ನಿಂದ ಮೊಂಡಾದವು. ನನ್ನನ್ನು ಎತ್ತಲು ನಾಲ್ಕು ಜನ ಬೇಕು. ಈ ಮಾತನ್ನು ದಯವಿಟ್ಟು ನೆನಪಿಡಿ, ಏಕೆಂದರೆ ನನ್ನ ಬಗ್ಗೆ ಓಣಿ ಹೇಳುವ ಕತೆಯಲ್ಲಿ ಇದನ್ನು ಯಾರೂ ನೆನಪಿಟ್ಟಿಲ್ಲ.

ಮೌನಪ್ಪನವರು ನನ್ನನ್ನು ಓಣಿಯ ಫುಟ್ಬಾಲ್ ಕ್ಲಬ್ಬಿಗೆ, ಸಿಗ್ನಲ್ ಇಲೆವೆನ್‌ಗೆ, ದಾನ ಕೊಟ್ಟರು. ಮೈದಾನದ ಗೆರೆಯಾಚೆ ನನ್ನನ್ನು ಇಟ್ಟರು. ಪಂದ್ಯ ನಡೆಯುವಾಗ ಬದಲಿ ಆಟಗಾರರು ನನ್ನ ಮೇಲೆ ಕೂರುತ್ತಿದ್ದರು. ಅಲ್ಲಿಯೇ ನಾನು ಮ್ಯಾನೇಜರ್ ಗುರುಸಿದ್ದಪ್ಪ ಹೂಗಾರರನ್ನು ಕಂಡದ್ದು.

ಹೂಗಾರರು ರೈಲ್ವೆಯಲ್ಲಿ ಫಿಟ್ಟರ್. ಪಾಳಿ ಮುಗಿದ ಕೂಡಲೇ ಸ್ಕೂಟರಿನಲ್ಲಿ ಮೈದಾನಕ್ಕೆ ಬರುತ್ತಿದ್ದರು. ತಂಡ ಆರಿಸುವುದು, ಆಟ ಕಲಿಸುವುದು, ಬಸ್ಸು ಹಿಡಿಯುವುದು, ಲಿಂಬೆಹಣ್ಣು ಹೆಚ್ಚುವುದು, ಎಲ್ಲವೂ ಅವರದೇ. ನನಗಿರುವುದು ಒಂದು ಮೊಳ ಎತ್ತರ. ಮನುಷ್ಯರ ಮುಖಕ್ಕಿಂತ ಮೊಣಕಾಲು ನನಗೆ ಹೆಚ್ಚು ಪರಿಚಯ. ಹೂಗಾರರ ಪ್ಯಾಂಟಿನ ಮೊಣಕಾಲು ಮಾತ್ರ ಯಾವಾಗಲೂ ಕೆಂಪು ಮಣ್ಣು. ಪಂದ್ಯಕ್ಕೆ ಮೊದಲು ಅವರು ಹನ್ನೊಂದು ಹುಡುಗರನ್ನೂ ಒಬ್ಬೊಬ್ಬರಾಗಿ ನನ್ನ ಮೇಲೆ ಕೂರಿಸಿ, ತಾವು ನೆಲಕ್ಕೆ ಮೊಣಕಾಲೂರಿ ಬೂಟಿನ ಲೇಸು ಕಟ್ಟುತ್ತಿದ್ದರು.

"ಮ್ಯಾನೇಜರ್ ಆಗಿ ಹುಡುಗೂರ ಕಾಲ ಮುಟ್ಟೂದೇನ್ರೀ?" ಎಂದು ಜನ ನಗುತ್ತಿದ್ದರು.

"ಬಾಯಿ ಸುಳ್ಳು ಹೇಳತೈತಿ, ಕಾಲು ಹೇಳಾಂಗಿಲ್ಲ," ಎನ್ನುತ್ತಿದ್ದರು ಹೂಗಾರರು. ಯಾರಿಗೆ ಹೆದರಿಕೆ, ಯಾರಿಗೆ ಜ್ವರ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ ಎಂಬುದೆಲ್ಲ ಅವರಿಗೆ ಲೇಸು ಎಳೆಯುವಾಗಲೇ ತಿಳಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವರು ಓಣಿಗೆ ಮೂರು ಕಪ್ಪು ತಂದುಕೊಟ್ಟರು. ಅದಕ್ಕೆ ಮೊದಲು ಸಿಗ್ನಲ್ ಇಲೆವೆನ್ ಎಂದರೆ ಎದುರು ತಂಡದವರು ಅಭ್ಯಾಸ ಪಂದ್ಯವೆಂದು ನಕ್ಕು ಬರುತ್ತಿದ್ದರು.

ಒಂಬತ್ತು ವರ್ಷದ ಹಿಂದಿನ ಫೈನಲ್ ಗದಗಿನ ತಂಡದ ಮೇಲೆ. ನಮ್ಮ ಕಡೆ ಯಮನೂರಿ ವಾಲೀಕಾರ ಇದ್ದ. ಇಪ್ಪತ್ತೊಂದರ ಹುಡುಗ, ಆ ಟೂರ್ನಿಯಲ್ಲಿ ಏಳು ಗೋಲು ಹೊಡೆದಿದ್ದ, ಓಣಿಗೆ ಓಣಿಯೇ ಅವನ ಹೆಸರು ಕೂಗುತ್ತಿತ್ತು. ಮೊದಲ ಅರ್ಧ ಮುಗಿಯುವ ಹೊತ್ತಿಗೆ ಅವನು ತಲೆಯಿಂದ ಚೆಂಡು ಹೊಡೆಯಲು ಹಾರಿ, ಗೋಲಿನ ಕಂಬಕ್ಕೆ ಬಡಿದುಕೊಂಡು ಬಿದ್ದ. ಎದ್ದು ಕೈ ಬೀಸಿದ. ಜನ ಚಪ್ಪಾಳೆ ತಟ್ಟಿದರು.

ವಿರಾಮದಲ್ಲಿ ಅವನು ಬಂದು ನನ್ನ ಮೇಲೆ ಕೂತ. ಹೂಗಾರರು ಸಡಿಲವಾದ ಲೇಸು ಕಟ್ಟಲು ಕೆಳಗೆ ಕೂತು, "ಎಡಗಾಲು ಮುಂದ ಮಾಡು," ಎಂದರು. ಅವನು ಬಲಗಾಲು ಮುಂದೆ ಮಾಡಿದ. ಹೂಗಾರರು ತಲೆಯೆತ್ತಿ ನೋಡಿ ಎರಡು ಬೆರಳು ಹಿಡಿದರು. "ಎಷ್ಟೋ ಇವು?" "ನಾಕು, ಸರ." ಅಷ್ಟು ಹೇಳಿ ಅವನು ನನ್ನ ಹಿಂದೆ ಬಗ್ಗಿ ವಾಂತಿ ಮಾಡಿಕೊಂಡ. ಹೂಗಾರರು ಯಾರಿಗೂ ಕಾಣದಂತೆ ಅದರ ಮೇಲೆ ಬೂಟಿನಿಂದ ಮಣ್ಣೆಳೆದರು.

ಯಮನೂರಿ ಅವರ ಕೈ ಹಿಡಿದುಕೊಂಡ. "ಸರ, ಯಾರಿಗೂ ಹೇಳಬ್ಯಾಡ್ರಿ. ಮುಂದಿನ ತಿಂಗಳ ಆಟಗಾರರ ಕೋಟಾದಾಗ ಸರ್ಕಾರಿ ನೌಕರಿ ಟ್ರಯಲ್ ಐತಿ. ತಲಿಗೆ ಪೆಟ್ಟು ಬಿದ್ದೈತಿ ಅಂತ ಗೊತ್ತಾದ್ರ ಹೆಸರ ತಗದ ಹಾಕ್ತಾರ."

"ನಾ ಯಾರಿಗೂ ಹೇಳಾಂಗಿಲ್ಲ. ಆದ್ರ ನೀ ಆಡಾಂಗಿಲ್ಲ."

ಅವನು ಕೇಳಲಿಲ್ಲ. ತಂಡದ ಜೊತೆ ಗೆರೆಯ ತನಕ ನಡೆದೇಬಿಟ್ಟ. ಹೂಗಾರರು ಎಲ್ಲರೂ ನೋಡುತ್ತಿದ್ದಂತೆ ತೋಳು ಹಿಡಿದು ಎಳೆದು ತಂದರು. ಅವನು ನನ್ನ ಮೇಲೆ ಕೂರಲು ಬಂದ. ಪಾಪ, ಅವನ ಕಣ್ಣಿಗೆ ಎರಡು ಬೆಂಚು ಕಂಡಿರಬೇಕು. ಇಲ್ಲದ ಬೆಂಚಿನ ಕಡೆ ಹೆಜ್ಜೆ ಹಾಕಿ ಇರುವ ನನಗೆ ಕಾಲು ಬಡಿದುಕೊಂಡ. ಬೂಟಿನೊಳಗೇ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಆದದ್ದು ಇಷ್ಟು.

ಆಚೆ ಕಟ್ಟೆಯ ಮೇಲೆ ಕೂತಿದ್ದ ಜನಕ್ಕೆ ಕಂಡದ್ದು ಬೇರೆ. ಮ್ಯಾನೇಜರ್ ಹುಡುಗನನ್ನು ಎಳೆದ, ಹುಡುಗ ಸಿಟ್ಟಿನಿಂದ ಬೆಂಚು ಒದ್ದ! ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇವರೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಪಂದ್ಯ ಟೈಬ್ರೇಕರಿಗೆ ಹೋಗಿ ನಾವು ಸೋತೆವು. ಆ ಸಂಜೆಯೇ ಹೂಗಾರರ ಫೋಟೋಗೆ ಚಪ್ಪಲಿ ಹಾರ ಹಾಕಿ ಓಣಿಯ ಬಾಯಿಗೆ ತೂಗುಬಿಟ್ಟರು. ಗದಗಿನವರ ಹತ್ತಿರ ದುಡ್ಡು ತಿಂದಿದ್ದಾನೆ ಎಂದರು. ಹುಡುಗನ ಹೆಸರು ತನಗಿಂತ ದೊಡ್ಡದಾಗುವುದು ಅವನಿಗೆ ಸಹಿಸಲಾಗಲಿಲ್ಲ ಎಂದರು. ಕಮಿಟಿ ಒಂದು ಚೀಟಿ ಬರೆದು ಅವರನ್ನು ತೆಗೆಯಿತು. ಹೂಗಾರರು ಒಂದು ಮಾತೂ ಆಡದೆ ನೌಕರಿಯ ವರ್ಗಾವಣೆ ಮಾಡಿಸಿಕೊಂಡು ಮಿರಜಿಗೆ ಹೋದರು.

ಮುಂದೆ ಬಂದ ಮ್ಯಾನೇಜರುಗಳು ನಾಲ್ವರು. ಅವರಿಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಅಪಶಕುನದ ಬೆಂಚೆಂದು ನನ್ನನ್ನು ಕಂಪೌಂಡಿನ ಗೋಡೆಗೆ ದಬ್ಬಿದರು, ಮಾಬೂಬಿ ಕೇಳಿ ಪಡೆದಳು. ನಾಲ್ಕು ಜನ ಹೊತ್ತು ತಂದು ಇಲ್ಲಿ ಇಳಿಸಿದರು. ಅಂದಿನಿಂದ ಪ್ರತಿ ಸಂಜೆ ನನ್ನ ಮೇಲೆ ಕೋರ್ಟು ನಡೆಯುತ್ತದೆ.

ಈ ಕೋರ್ಟಿನ ದೊಡ್ಡ ವಕೀಲ ಸೈಕಲ್ ಅಂಗಡಿಯ ಫಕೀರಪ್ಪ. ಗಿರ್ಮಿಟ್ ತಿನ್ನುತ್ತ ನನ್ನ ಮೇಲೆ ಬಡಿದು ಬಡಿದು ಮಾತಾಡುತ್ತಾನೆ. "ಒಂದಽ ಒದ್ದ ನೋಡ್ರಿ ಯಮನೂರಿ, ಈ ಬೆಂಚು ಮೂರು ಪಲ್ಟಿ ಹೊಡದು ಬಿತ್ತು. ನಾ ಕಣ್ಣಿಲೆ ನೋಡೇನಿ!" ಮೊದಲ ವರ್ಷ ನಾನು ಅಲುಗಾಡಿದ್ದೆನಂತೆ. ಮೂರನೆಯ ವರ್ಷ ಉರುಳಿದೆ. ಈಗ ಪಲ್ಟಿ ಹೊಡೆಯುತ್ತಿದ್ದೇನೆ. ನಾಲ್ಕು ಜನ ಹೊರಬೇಕಾದ ಮತ್ತಿ ಮರ ಒಂದು ಒದೆತಕ್ಕೆ ಪಲ್ಟಿ ಹೊಡೆಯುತ್ತದೆಯೇ ಎಂದು ಒಬ್ಬನಾದರೂ ಕೇಳಬೇಡವೇ? ಎಲುಬಿಲ್ಲದ ನಾಲಿಗೆ, ಹೊರಳಿದ್ದೇ ದಾರಿ.

ಮಾಬೂಬಿ ಮಾತ್ರ ಚಹಾ ಸೋಸುತ್ತ ಎದುರು ಹೇಳುತ್ತಿದ್ದಳು. "ಮೂರು ಕಪ್ ತಂದಾರ ಆ ಮನಷ್ಯಾ. ಅದನ್ಯಾಕ ಮರೀತೀರಿ?"

"ತಂದವ್ರು ಹುಡುಗೂರು, ಮಾಬೂಬಕ್ಕಾ. ಮ್ಯಾನೇಜರ್ ಬರೇ ಲೇಸ್ ಕಟ್ಟಿದ್ರು, ಅಷ್ಟಽ."

ಗೆದ್ದರೆ ಹುಡುಗರು, ಸೋತರೆ ಮ್ಯಾನೇಜರ್. ಎಂಥ ನ್ಯಾಯ!

ನನಗೆ ಇವರಿಗಿಂತ ಹೆಚ್ಚು ಸಿಟ್ಟು ಬಂದದ್ದು ಯಮನೂರಿಯ ಮೇಲೆ. ಅವನಿಗೆ ನೌಕರಿ ಸಿಕ್ಕಿತು. ಮದುವೆಗೆ ಓಣಿಯವರು "ಸಿಗ್ನಲ್ ಓಣಿಯ ಹುಲಿ" ಎಂದು ಫ್ಲೆಕ್ಸ್ ಕಟ್ಟಿಸಿದರು. ಅವನು ದಿನಾ ಸಂಜೆ ಬಂದು ನನ್ನ ಬಲತುದಿಯಲ್ಲಿ ಕೂತು, ನನ್ನನ್ನು ಒದ್ದ ಕತೆಯನ್ನು ಕೇಳುತ್ತ, ನೆಲ ನೋಡುತ್ತ ಚಹಾ ಕುಡಿಯುತ್ತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮೊದಲ ವರ್ಷ ನೌಕರಿ ಪಕ್ಕಾ ಆಗಿರಲಿಲ್ಲ, ಒಪ್ಪೋಣ. ಆಮೇಲಿನ ಎಂಟು ವರ್ಷ? ಹತ್ತಿದ ಏಣಿಯನ್ನು ಒದೆಯುವುದೆಂದರೆ ಇದೇ ಅಲ್ಲವೇ? ಕಟ್ಟಿಗೆಗೆ ಬಾಯಿ ಬರುವುದಿದ್ದರೆ ಆ ಸಂಜೆಗಳಲ್ಲೇ ಬರಬೇಕಿತ್ತು.

ಈ ವರ್ಷ ಸಿಗ್ನಲ್ ಇಲೆವೆನ್ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಸೋತಿತು. ಇನ್ನೆರಡು ಸೋತರೆ ಕೆಳಗಿನ ವಿಭಾಗಕ್ಕೆ ಬೀಳುತ್ತದೆ. ನಾಲ್ಕನೆಯ ಮ್ಯಾನೇಜರ್ ಬಿಟ್ಟುಹೋದ. ಕಮಿಟಿಯ ಅಧ್ಯಕ್ಷರು ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ಓಣಿಯವರನ್ನು ಸೇರಿಸಿದರು. "ಹೂಗಾರ ರಿಟೈರ್ ಆಗಿ ವಾಪಸ್ ಊರಿಗೆ ಬಂದಾರ, ಕೇಶ್ವಾಪುರದಾಗ ಮನಿ ಮಾಡ್ಯಾರ. ಅವರನ್ನ ಕರಿಯೂದೋ ಬ್ಯಾಡೋ? ನೀವಽ ಕೈ ಎತ್ತಿ ಹೇಳ್ರಿ."

ಫಕೀರಪ್ಪ ನನ್ನ ಮೇಲೆ ಹತ್ತಿ ನಿಂತ. ಚಪ್ಪಲಿಯನ್ನೂ ಬಿಡಲಿಲ್ಲ. "ಯಾವ ಮನಷ್ಯಾನ ಸಲುವಾಗಿ ನಮ್ಮ ಹುಲಿ ಈ ಬೆಂಚ್ ಒದ್ದನೋ, ಆ ಮನಷ್ಯಾನ ಕಾಲಿಗೆ ಬೀಳಬೇಕೇನ್ರಿ? ಕೇಳ್ರಿ, ಯಮನೂರಿ ಇಲ್ಲೇ ಅದಾನ!"

ಮಾಬೂಬಿ ಒಲೆ ಆರಿಸಿ ಹೊರಗೆ ಬಂದಳು. "ಹೌದು, ಅವನಽ ಹೇಳ್ಲಿ. ತಮ್ಮಾ ಯಮನೂರಿ, ನೀ ಒದ್ದಿದ್ದು ಖರೆ ಅಂದ್ರ ನಾನೂ ಬ್ಯಾಡಂತ ಕೈ ಎತ್ತತೀನಿ."

ನನ್ನ ಬಲತುದಿಯಲ್ಲಿ ಕೂತಿದ್ದ ಅವನು ತಲೆ ತಗ್ಗಿಸಿದ. ಇವತ್ತೂ ಇವನು ನೆಲ ನೋಡಿಯೇ ಮುಗಿಸುತ್ತಾನೆ ಎಂದುಕೊಂಡೆ. ಆಮೇಲೆ ಎದ್ದ.

"ನಾ ಒದ್ದಿಲ್ರಿ," ಎಂದ. "ತಲಿ ತಿರಗಿ ಎಡವಿದ್ದೆ. ಸರ ನನ್ನ ಜೀವಾ ಉಳಿಸ್ಯಾರ. ಮ್ಯಾಚ್ ಮುಗದ ಕೂಡ್ಲೆ ಸ್ಕೂಟರ್ ಮ್ಯಾಲೆ ದವಾಖಾನಿಗೆ ಕರಕೊಂಡ ಹೋದ್ರು. ಇನ್ನೊಂದ್ ಪೆಟ್ಟು ಬಿದ್ದಿದ್ರ ಹುಡುಗ ಉಳೀತಿದ್ದಿಲ್ಲ ಅಂದ್ರು ಡಾಕ್ಟರ್. ಹೇಳಬ್ಯಾಡ್ರಿ ಅಂತ ನಾನಽ ಕೈ ಮುಗದಿದ್ದೆ."

ನನ್ನ ಎದೆ ಹಗುರಾಯಿತು. ಆದರೆ ಎಷ್ಟು ಹೊತ್ತು? ಫಕೀರಪ್ಪ ನನ್ನ ಮೇಲಿಂದ ಇಳಿಯುವಷ್ಟರಲ್ಲಿ ಶುರುವಾಯಿತು. "ಒಂಬತ್ತು ವರ್ಷ ಬಾಯಾಗ ಏನ್ ಇಟಗೊಂಡಿದ್ದೆಲೇ?" "ಹುಲಿ ಅಲ್ಲ ಇವ, ನರಿ!" ಹೂಗಾರರಿಗೆ ಅಂದ ಮಾತುಗಳನ್ನೇ, ಅದೇ ಬಾಯಿಗಳು, ಈಗ ಯಮನೂರಿಗೆ ಅಂದವು. ಅಧ್ಯಕ್ಷರು ಕೈ ಎತ್ತಿಸಿದರು. ಕರೆಯಬೇಕೆಂದು ಎಲ್ಲರ ಕೈಯೂ ಮೇಲಿತ್ತು, ಫಕೀರಪ್ಪನದು ಎಲ್ಲಕ್ಕಿಂತ ಮೇಲೆ. ಅಲ್ಲಿಯೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ನನ್ನ ಮೇಲೆ ಇಟ್ಟರು. ಅಧ್ಯಕ್ಷರು ನಡೆದದ್ದನ್ನೆಲ್ಲ ಹೇಳಿ, "ವಾಪಸ್ ಬರ್ರಿ ಸರ," ಎಂದರು.

ಹೂಗಾರರ ದನಿ ಹಣ್ಣಾಗಿತ್ತು. "ಬರಾಂಗಿಲ್ರಿ," ಎಂದರು ಮೆಲ್ಲಗೆ. "ಬೈದದ್ದು ಮರತೇನಿ. ಚಪ್ಪಲಿ ಹಾರಾನೂ ಮರತೇನಿ. ಆದ್ರ ನಿಮ್ಮೊಳಗ ಒಬ್ಬರೂ ಮನಿಗೆ ಬಂದು, ಯಾಕ್ರೀ ಹಿಂಗ ಮಾಡಿದ್ರಿ ಅಂತ ಕೇಳಲಿಲ್ಲ. ಕೇಳಿದ್ರೂ ನಾ ಹೇಳ್ತಿದ್ದಿಲ್ಲ, ಅದು ಖರೆ. ಆದ್ರ ಕೇಳಬೇಕಿತ್ತು."

ಆಮೇಲೆ ಅವರೇ ಕೇಳಿದರು: "ಯಮನೂರಿ ಅದಾನೇನ್ ಅಲ್ಲಿ? ಅವನ ತಲಿನೋವು ಈಗ ಹ್ಯಾಂಗೈತಿ ಕೇಳ್ರಿ. ಬಿಸಲಾಗ ಭಾಳ ಅಡ್ಡಾಡಬ್ಯಾಡ ಅಂತ ಹೇಳ್ರಿ."

ಯಮನೂರಿ ನನ್ನ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಇವನ ಮೇಲೆ ಒಂಬತ್ತು ವರ್ಷ ಕಾದಿಟ್ಟ ಸಿಟ್ಟು ನನಗೆ ಆಗ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಾಬೂಬಿ ಅವನ ಪಕ್ಕ ಒಂದು ಲೋಟ ನೀರು ಇಟ್ಟಳು.

ಜನ ಒಬ್ಬೊಬ್ಬರಾಗಿ ಚದುರಿದರು. ಹೋಗುವ ಮೊದಲು ಫಕೀರಪ್ಪ ಪಕ್ಕದವನಿಗೆ ಹೇಳಿದ್ದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. "ನಾ ಮೊದಲಿಂದಾನೂ ಅಂತಿದ್ನಲ್ಲ, ಹೂಗಾರನಂಥ ಮ್ಯಾನೇಜರ್ ಸಿಗಾಂಗಿಲ್ಲ ಅಂತ."

ನನಗೆ ವಯಸ್ಸಾಯಿತು. ಹಿಂದಿನ ಕಾಲಿಗೆ ಗೆದ್ದಲು ಹತ್ತಿದೆ, ಒಂದು ಬೋಲ್ಟು ತುಕ್ಕು ಹಿಡಿದಿದೆ. ಮುಂದಿನ ಮಳೆಗಾಲ ಕಳೆದರೆ ಮಾಬೂಬಿ ನನ್ನನ್ನು ಒಡೆಸಿ ಒಲೆಗೆ ಹಾಕಿದರೂ ಹಾಕಬಹುದು. ಅದಕ್ಕೆ ದುಃಖವಿಲ್ಲ, ನಾಲ್ಕು ಜನಕ್ಕೆ ಚಹಾ ಕುದಿಸಿ ಹೋಗುತ್ತೇನೆ. ಈ ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತದೆ. ಕೇಶ್ವಾಪುರ ಇಲ್ಲಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷದ ದಾರಿ. ಆ ಭಾನುವಾರ ಕಳೆದು ಇವತ್ತಿಗೆ ಮೂರು ವಾರವಾಯಿತು. ದಿನಾ ಸಂಜೆ ಇವರು ನನ್ನ ಮೇಲೆ ಕೂತು, ಅಂಥ ದೊಡ್ಡ ಮನುಷ್ಯ ಯಾಕೆ ಬರಲೊಲ್ಲ ಎಂದು ವಾದಿಸುತ್ತಾರೆ. ಎದ್ದು ಅವರ ಮನೆಯ ತನಕ ಹೋಗಿ, ತಪ್ಪಾಯಿತೆಂದು ಹೇಳಿ ಬಂದವನು ಇನ್ನೂ ಒಬ್ಬನಿಲ್ಲ. ನಾನು ಮರ, ನನಗೆ ನಡೆಯಲು ಬರುವುದಿಲ್ಲ. ಕಾಲಿದ್ದವರಿಗೆ ಏನಾಗಿದೆ?