ಹವಳಕ್ಕೆ ಬಂದ ಜ್ವರ

ನಂದಕುಮಾರನಂಥವರಿಗೆ ಸಮುದ್ರ ಮಾರಬಾರದು ಎಂದು ಟೆಕ್ಸಸ್‌ನಲ್ಲಿ ಒಂದು ಕಾನೂನು ಇರಬೇಕಿತ್ತು. ಬಂದೂಕು ಮಾರುವಾಗಲಾದರೂ ಒಂದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ನೂರಿಪ್ಪತ್ತು ಗ್ಯಾಲನ್ ಉಪ್ಪುನೀರಿನ ಗಾಜಿನ ತೊಟ್ಟಿ, ಅದಕ್ಕೆ ನೀಲಿ ದೀಪ, ಪಂಪು, ಎರಡು ಹೀಟರು, ಮೀನು, ಉಸಿರಾಡುವ ಹವಳ, ಇಷ್ಟನ್ನೂ ಒಂದು ಪ್ರಶ್ನೆ ಕೇಳದೆ ಕಾರಿಗೆ ತುಂಬಿ ಕಳಿಸುತ್ತಾರೆ.

ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ಅವನ ಮನೆಗೆ ಯಾರೇ ಹೋಗಲಿ, ಚಪ್ಪಲಿ ಬಿಡುವುದರೊಳಗೆ ತೊಟ್ಟಿಯ ಮುಂದೆ ನಿಲ್ಲಿಸುತ್ತಿದ್ದ. "ಅಕ್ವೇರಿಯಂ ಅನ್ಬೇಡಿ, ರೀಫ್ ಇದು" ಎಂದು ತಿದ್ದುತ್ತಿದ್ದ. ಹವಳ ಪ್ರಾಣಿಯೋ ಗಿಡವೋ ಎಂದು ಒಮ್ಮೆ ಬೇಕೆಂದೇ ಕೇಳಿದ್ದೆ. ತಲೆ ಕೆರೆದುಕೊಂಡು "ಎರಡೂ ಇರ್ಬೇಕು ಮೇಡಂ" ಎಂದ. ಪ್ರಾಣಿಯ ಮೈಯೊಳಗೆ ಪಾಚಿ ವಾಸವಾಗಿರುತ್ತದೆಯಾದ್ದರಿಂದ ಆ ಉತ್ತರ ಅರ್ಧ ಸರಿಯೇ. ಅಂದಾಜಿಗೆ ಹೊಡೆದದ್ದು ಗುರಿಗೆ ತಾಗಿತಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಅವನ ಫೋನು ಬಂದದ್ದು ವಿಜಯದಶಮಿಯ ಬೆಳಿಗ್ಗೆ, ಹಾರ್ವಿ ಚಂಡಮಾರುತ ಬಂದು ಹೋದ ತಿಂಗಳಿಗೆ.

"ಮೇಡಂ, ಹೀಟರ್ ಫೇಲ್ ಆಗ್ಬಿಟ್ಟಿದೆ. ಎಪ್ಪತ್ತೆಂಟು ಡಿಗ್ರಿ ಇರಬೇಕಾದ ನೀರು ತೊಂಬತ್ತೆರಡಿದೆ. ಎಲ್ಲಾ ಬೆಳ್ಳಗಾಗ್ತಿದೆ."

"ನಂದು?"

"ನಿಮ್ದೂ ಮೇಡಂ."

ನನ್ನದು ಎಂದರೆ ನನ್ನ ಹವಳ. ಹಸಿರು ಕೊಂಬೆ, ನೇರಳೆ ತುದಿ. ಕ್ಲಿಯರ್ ಲೇಕಿನ ನನ್ನ ಮನೆಗೆ ಉಗುರಿನಷ್ಟು ಚೂರಾಗಿ ಬಂದದ್ದು ಹನ್ನೊಂದು ವರ್ಷದಲ್ಲಿ ಎರಡು ಬೊಗಸೆಯಷ್ಟು ಬೆಳೆದಿತ್ತು. ಹಾರ್ವಿಯಲ್ಲಿ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು, ಕರೆಂಟು ಮೂರು ದಿನ ಇರಲಿಲ್ಲ. ಬ್ಯಾಟರಿ ಪಂಪು ಹಿಡಿದುಕೊಂಡು ಆ ನೀರಿನಲ್ಲಿ ನನ್ನ ತೊಟ್ಟಿಯ ಪಕ್ಕ ನಿಂತೇ ಇದ್ದೆ. ನಾಲ್ಕನೆಯ ದಿನ ತೊಟ್ಟಿ ನಾರಿತು. ಗಂಡ ಬಿಟ್ಟು ಹೋದಾಗ ಅಳದವಳು ಅವತ್ತು ಗಟ್ಟಿಯಾಗಿ ಅತ್ತೆ. ಎರಡು ವರ್ಷದ ಹಿಂದೆ, ಮೀನಾಕ್ಷಿ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ನಂದಕುಮಾರನ ಹೆಂಡತಿ ತುಳಸಿ ಕೇಳಿದಳೆಂದು, ಮನಸ್ಸಿಲ್ಲದ ಮನಸ್ಸಿನಿಂದ ಒಂದು ಕೊಂಬೆ ಮುರಿದು ಕೊಟ್ಟಿದ್ದೆ. ಈಗ ಇಡೀ ಭೂಮಿಯ ಮೇಲೆ ನನ್ನ ಹವಳ ಉಳಿದಿದ್ದದ್ದು ಆ ಮಂಕುದಿಣ್ಣೆಯ ತೊಟ್ಟಿಯಲ್ಲಿ ಮಾತ್ರ. ನೆನೆದು ಕಿತ್ತುಹಾಕಿದ ಗೋಡೆಗಳು ನನ್ನ ಮನೆಗೆ ಮತ್ತೆ ಬಂದ ಮೇಲೆ ಅದರಲ್ಲೊಂದು ಬೆರಳುದ್ದ ವಾಪಸು ಕೇಳಬೇಕೆಂದಿದ್ದೆ.

ಇಪ್ಪತ್ತೈದು ನಿಮಿಷದ ದಾರಿ. ರಸ್ತೆಯ ಎರಡೂ ಬದಿ ಮನೆಮನೆಯ ಮುಂದೆ ನೆನೆದ ಕಾರ್ಪೆಟ್ಟು, ಕಿತ್ತ ಗೋಡೆಯ ಹಲಗೆ ಇನ್ನೂ ಗುಡ್ಡೆ ಬಿದ್ದಿದ್ದವು. ನಂದಕುಮಾರನ ಬೀದಿಗೆ ಮಾತ್ರ ಒಂದು ಹನಿಯೂ ನುಗ್ಗಿರಲಿಲ್ಲ. ಗರಾಜಿನ ಎರಡು ಕಾರುಗಳ ಮೇಲೂ ಹಾರ, ಚಕ್ರದಡಿಯಲ್ಲಿ ನಿಂಬೆಹಣ್ಣಿನ ಸಿಪ್ಪೆ. ಒಳಗೆ ಮಿಕ್ಸಿಗೆ ಕುಂಕುಮ, ಟ್ರೆಡ್‌ಮಿಲ್‌ಗೆ ಕುಂಕುಮ, ವೈಫೈ ರೂಟರಿನ ನೆತ್ತಿಯ ಮೇಲೊಂದು ಚೆಂಡುಹೂವು. ಆ ಟ್ರೆಡ್‌ಮಿಲ್ ವರ್ಷಕ್ಕೊಮ್ಮೆ ಈ ಕುಂಕುಮಕ್ಕೆ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಂದದ್ದನ್ನು ನಾನು ಕಂಡಿಲ್ಲ.

ನಂದಕುಮಾರ ತೊಟ್ಟಿಯ ಮುಂದೆ ಐಸಿನ ಚೀಲ ಹಿಡಿದು ನಿಂತಿದ್ದ.

"ಕೆಳಗ ಇಡ್ರಿ ಅದನ್ನ!" ಬಾಗಿಲಿನಿಂದಲೇ ಕೂಗಿದೆ. "ಸುಟ್ಟದ್ದರ ಮ್ಯಾಲೆ ಹೆಪ್ಪುಗಟ್ಟಸ್ತೀರೇನು?"

"ಗ್ರೂಪಲ್ಲಿ ಪ್ರತಾಪ್ ಹೇಳಿದ್ರು ಮೇಡಂ..."

ಗ್ರೂಪು ಎಂದರೆ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ನಲ್ಲಿ ಹವಳ ಸಾಕುವ ಒಂಬತ್ತು ಜನ ಕನ್ನಡಿಗರ ವಾಟ್ಸ್ಆ್ಯಪ್ ಬಳಗ. ಒಂಬತ್ತರಲ್ಲಿ ಎಂಟು ಜನ ಪಂಡಿತರು, ಕಲಿಯಬೇಕಾದವನು ನಂದಕುಮಾರನೊಬ್ಬನೇ. ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಪ್ರತಾಪ್ ಐಸ್ ಹಾಕು ಎಂದಿದ್ದ. ಆಸ್ಟಿನ್ನಿನ ಉಲ್ಲಾಸ್ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬು ಎಂದಿದ್ದ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಹೋದ ವರ್ಷ ಇವರಿಬ್ಬರೂ ತಂತಮ್ಮ ತೊಟ್ಟಿ ಕೊಂದುಕೊಂಡವರೇ.

ಹೀಟರುಗಳ ಪ್ಲಗ್ ಕಿತ್ತೆ. ಮುಚ್ಚಳ ತೆಗೆಸಿ, ಬೆಡ್‌ರೂಮಿನ ಫ್ಯಾನ್ ತರಿಸಿ ನೀರಿನ ಮೇಲೆ ಗಾಳಿ ಬಿಟ್ಟೆ. ಬಿಸಿ ನೀರಿನಲ್ಲಿ ಪ್ರಾಣವಾಯು ನಿಲ್ಲುವುದಿಲ್ಲ, ಅದಕ್ಕೆ ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿ ನೀರು ಕಲಕಿಸಿದೆ. ಸತ್ತ ಎರಡು ಮೀನು ತೆಗೆದೆ. ಗಂಟೆಗೆ ಎರಡು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಇಳಿಸಬಾರದು, ಇಳಿಸಿದರೆ ಉಳಿದದ್ದೂ ಸಾಯುತ್ತದೆ. ತುಳಸಿಯನ್ನು ಡ್ರಮ್ಮಿನ ಮುಂದೆ ಕೂರಿಸಿ ಹೊಸ ಉಪ್ಪುನೀರು ಕದಡಲು ಹೇಳಿದೆ. ಪಾಪ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಗೊಣಗದೆ ಕದಡಿದಳು. ಗಂಡ ಮಾತ್ರ ಹತ್ತು ನಿಮಿಷಕ್ಕೊಮ್ಮೆ "ಹೀಟರ್ ಕಂಪನೀದೇ ತಪ್ಪು ಮೇಡಂ" ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಧ್ಯಾಹ್ನದ ಹೊತ್ತಿಗೆ ನೀರು ಎಂಬತ್ತೆರಡಕ್ಕೆ ಬಂತು. ಆಗ ನನ್ನ ಹವಳವನ್ನು ಕೈಗೆತ್ತಿಕೊಂಡೆ. ಕೊಂಬೆಗಳೆಲ್ಲ ಸುಣ್ಣ. ಮುಟ್ಟಿದ ಕಡೆ ಚರ್ಮ ನೆನೆದ ಕಾಗದದ ಹಾಗೆ ಸುಲಿದು ಬಂತು. ತಿರುಗಿಸಿ ತಿರುಗಿಸಿ ನೋಡಿದೆ. ಬುಡದಲ್ಲಿ, ಕಲ್ಲಿನ ನೆರಳಿದ್ದ ಕಡೆ, ಹೆಬ್ಬೆರಳ ಉಗುರಿನಷ್ಟು ಹಸಿರು ಇತ್ತು. ಅಷ್ಟನ್ನೇ ಕತ್ತರಿಸಿ ಒಂದು ಸಣ್ಣ ಕಲ್ಲಿಗೆ ಅಂಟಿಸಿ, ಬಟ್ಟಲಿನ ಉಪ್ಪುನೀರಿನಲ್ಲಿಟ್ಟೆ. ಅದು ಬದುಕಿದರೆ ಹನ್ನೊಂದು ವರ್ಷ ಬದುಕಿದ ಹಾಗೆ, ಹೋದರೆ ಎಲ್ಲ ಹೋದ ಹಾಗೆ.

ಇಲ್ಲಿ ಇದನ್ನು ಒಂದು ಕ್ಷಣವೂ ಬಿಡಬಾರದು, ಇವತ್ತೇ ಕಾರಿನಲ್ಲಿಟ್ಟುಕೊಂಡು ಆಸ್ಟಿನ್‌ಗೆ ಒಯ್ಯಬೇಕು ಎಂದುಕೊಂಡೆ. ಈಗ ಹೊಸ ತೊಟ್ಟಿ ಇಟ್ಟಿದ್ದ ಉಲ್ಲಾಸ್ ಗ್ರೂಪಿನಲ್ಲಿ ಆಗಲೇ "ನನ್ನ ಹತ್ರ ತನ್ನಿ ಆಂಟಿ" ಎಂದು ಕರೆದಿದ್ದ. ಹೊರಡುವ ಮೊದಲು ನೀರು ಎಷ್ಟು ಹೊತ್ತು ಕಾದಿತ್ತು ಎಂದು ತಿಳಿಯಬೇಕಿತ್ತು. ನಂದಕುಮಾರನ ಫೋನು ಇಸಿದುಕೊಂಡು ತೊಟ್ಟಿಯ ಉಷ್ಣತೆಯ ಗ್ರಾಫ್ ತೆರೆದೆ. ಹೀಟರು ಯಾವಾಗ ಉರಿಯಬೇಕು, ಯಾವಾಗ ಆರಬೇಕು ಎಂದು ಹೇಳುವುದು ಒಂದು ಪುಟ್ಟ ಕಂಟ್ರೋಲರು. ಅದಕ್ಕೆ ನೀರಿನ ಬಿಸಿ ತಿಳಿಸುವುದು ನೀರಿನಲ್ಲಿ ಮುಳುಗಿರುವ ಪೆನ್ಸಿಲಿನಂಥ ಪ್ರೋಬು.

"ಏನ್ರಿ ಇದು?" ಎಂದೆ. "ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಪ್ಪತ್ತಕ್ಕ ಇಳದದ. ಇವತ್ತ ಬೆಳಿಗ್ಗೆ ಏಳರ ತನಕ ಅಲ್ಲೇ ಕೂತದ. ಏಳೂ ಎರಡಕ್ಕ ತೊಂಬತ್ತೆರಡು! ನೀರೇನು ಕಪ್ಪಿ ಹಂಗ ಜಿಗೀತದ?"

"ಸೆನ್ಸರ್ ಗ್ಲಿಚ್ ಇರ್ಬೇಕು ಮೇಡಂ."

ಇಪ್ಪತ್ತು ವರ್ಷದಿಂದ ರಾಕೆಟ್ಟಿನ ಬಿಡಿಭಾಗಗಳ ಲ್ಯಾಬಿನಲ್ಲಿ ಉಷ್ಣತೆಯ ಸೆನ್ಸರು ಪರೀಕ್ಷಿಸಿ ಅನ್ನ ತಿನ್ನುವವಳಿಗೆ ಈ ಮಹಾಶಯ ಗ್ಲಿಚ್ ಕಲಿಸಲು ಬಂದ.

"ಎಪ್ಪತ್ತು ಅನ್ನೋದು ನಿಮ್ಮ ಎಸಿ. ಪ್ರೋಬ್ ಹೊರಗಿತ್ತು. ಹೊರಗಿನ ಥಂಡಿ ನೋಡಿ, ನೀರೇ ಥಂಡಿ ಆಗ್ಯದ ಅಂತ ತಿಳಕೊಂಡು ಅದು ಹೀಟರ್ ಉರಸ್ಯದ, ಉರಸ್ಯದ, ಒಂದೇ ಸಮ ಉರಸ್ಯದ. ಹೀಟರಿಗೆ ಏನೂ ಆಗಿಲ್ಲ, ನಿಮ್ಮ ತಲಿಗೆ ಆಗ್ಯದ! ಯಾವ ಹುಚ್ಚ ತಗದಾಂವ ಹೊರಗ?"

ನಂದಕುಮಾರ ನೆಲ ನೋಡಿದ. ತುಳಸಿ ಡ್ರಮ್ಮಿನಿಂದ ತಲೆಯೆತ್ತಿ, "ಅಯ್ಯೋ, ಆಯುಧ ಪೂಜೆಗೆ ತೆಗೆದಿದ್ದಲ್ವಾ ಮೇಡಂ? ನೀವೇ ಹೇಳಿದ್ರಿ ಅಂದ್ರಲ್ಲ ಇವ್ರು" ಎಂದಳು.

"ತುಳಸಿ, ಸುಮ್ನಿರು," ಎಂದ ಅವನು.

ನನಗೆ ಆಗ ನೆನಪಾಯಿತು. ಮೊನ್ನೆ ಗುರುವಾರ ಸಂಜೆ ಕಿತ್ತುಹೋದ ಗೋಡೆಗಳ ನಡುವೆ ಕಂಟ್ರ್ಯಾಕ್ಟರನ ಜೊತೆ ಜಗಳವಾಡುತ್ತ ನಿಂತಿದ್ದಾಗ ಇವನ ಫೋನು ಬಂದಿತ್ತು. "ಮೇಡಂ, ಟ್ಯಾಂಕಿನ ಸಾಮಾನಿಗೂ ಪೂಜೆ ಮಾಡ್ಬೋದಾ? ಕುಂಕುಮ ನೀರಿಗೆ ಬಿದ್ರೆ ತೊಂದ್ರೆನಾ? ಪಂಪು, ಹೀಟರು ತೆಗೆಯೋ ಹಾಗಿಲ್ವಲ್ಲ?" ಮನೆ ಮುಳುಗಿದವಳ ಹತ್ತಿರ ಕೇಳುವ ಪ್ರಶ್ನೆಯೇ ಇದು? ಮೈ ಉರಿದು ಹೋಗಿತ್ತು. "ಹಂಗಾರ ಆ ಪ್ರೋಬ್ ತಗೀರಿ, ಸಣ್ಣದದ. ಮಣಿ ಮ್ಯಾಲೆ ಕೂಡಿಸಿ, ಕುಂಕುಮ ಹಚ್ಚಿ, ಮಂಗಳಾರತಿ ಎತ್ರಿ. ದಶಮಿ ತನಕ ಮುಟ್ಟಬ್ಯಾಡ್ರಿ ಮತ್ತ. ಆಯುಧಕ್ಕೂ ಒಂದ್ ದಿನಾ ಸೂಟಿ ಬ್ಯಾಡೇನು?" ಎಂದು ಹೇಳಿ ಫೋನಿಟ್ಟಿದ್ದೆ. ಅಣಕ ಎಂದು ಹಸುಗೂಸಿಗೂ ತಿಳಿಯುತ್ತಿತ್ತು. ಇವನು ಚಾಚೂ ತಪ್ಪದೆ ಮಾಡಿದ್ದ. ನವಮಿಯ ಬೆಳಿಗ್ಗೆ ತೆಗೆದು ಮಣೆಯ ಮೇಲಿಟ್ಟು, ದಶಮಿಯ ಬೆಳಿಗ್ಗೆ ಸ್ನಾನ ಮಾಡಿ ಬಂದು ವಾಪಸು ಮುಳುಗಿಸಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮುತ್ತನ್ನು ನಾನೇ ಜಜ್ಜಿದ್ದೆ.

"ನಿಮಗ ಇದು ಯಾವಾಗ ತಿಳೀತು?"

"ಬೆಳಿಗ್ಗೆ ವಾಪಸ್ ಹಾಕಿದ ತಕ್ಷಣ, ಮೇಡಂ. ನಂಬರ್ ಜಂಪ್ ಆಯ್ತಲ್ಲ."

"ಮತ್ತ ಹೀಟರ್ ಫೇಲ್ ಅಂತ ಯಾಕ ಸುಳ್ಳು ಹೇಳಿದ್ರಿ?"

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. "ನೀವು ಆಗ್ಲೇ ಒಂದ್ಸಲ ಎಲ್ಲಾ ಕಳ್ಕೊಂಡಿದೀರ. ಇದೂ ನಿಮ್ಮ ಮಾತಿಂದ್ಲೇ ಹೋಯ್ತು ಅಂತ ನಿಮಗೆ ಗೊತ್ತಾದ್ರೆ ತಡ್ಕೊಳಲ್ಲ ಅನ್ನಿಸ್ತು."

ಅವನ ಮೇಲೆ ಸಿಟ್ಟು ಮಾಡಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ನಾಚಿಕೆಯಾಯಿತು. ಐವತ್ನಾಲ್ಕು ವರ್ಷಕ್ಕೆ ಮೊದಲ ಸಲ ನನ್ನ ನಾಲಿಗೆಯ ಬಗ್ಗೆ ನನಗೇ ಹೇಸಿಗೆಯಾಯಿತು.

ಫೋನು ತೆಗೆದು ಗ್ರೂಪಿಗೆ ಬರೆದೆ. "ಹೀಟರ್ ಕೆಟ್ಟಿಲ್ಲ. ಪೂಜೆಗೆ ಪ್ರೋಬ್ ಹೊರಗ ತಗದಿಡ್ರಿ ಅಂತ ಹೇಳಿದಾಕಿ ನಾನು. ತಪ್ಪು ನಂದು. ಗೋದಾವರಿ."

ಅರ್ಧ ನಿಮಿಷದಲ್ಲಿ ಲೂಯಿಸ್‌ವಿಲ್‌ನಿಂದ ಕಣ್ಣೀರು ಸುರಿಸಿ ನಗುವ ಆರು ಮುಖಗಳು ಬಂದವು. "ಪಾಪ ನಂದಕುಮಾರ್‌ನ ಇಷ್ಟೊಂದು ರುಬ್ಬಬೇಡಿ ಆಂಟಿ!" ಎಂದು ಪ್ರತಾಪ್. "ಸೂಪರ್ ಆಂಟಿ, ಪೂಜೆಗೆ ಪ್ರೋಬ್ ತೆಗೆಯೋ ಗೂಬೆ ಇವನೊಬ್ನೇ," ಎಂದು ಉಲ್ಲಾಸ್. ಉಳಿದವರೂ ಒಬ್ಬೊಬ್ಬರಾಗಿ ನಕ್ಕರು. ನಾನು ನಿಜ ಹೇಳುತ್ತಿದ್ದೇನೆ ಎಂದು ಒಬ್ಬನಿಗೂ ಹೊಳೆಯಲಿಲ್ಲ. ನನ್ನ ಬಾಯಿಂದ 'ತಪ್ಪು ನಂದು' ಎಂಬ ಮಾತನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಯಾಕ್ ಮೇಡಂ ಹಾಕಿದ್ರಿ?" ಎಂದ ನಂದಕುಮಾರ, ತನ್ನ ಫೋನು ನೋಡುತ್ತ. ಅವನ ಮುಖ ಸಪ್ಪಗಾಗಿತ್ತು.

ಕಲ್ಲಿಗೆ ಅಂಟಿದ ಉಗುರಿನಷ್ಟು ಹಸಿರು ಬಟ್ಟಲಿನಲ್ಲಿತ್ತು. ಆಸ್ಟಿನ್‌ಗೆ ಒಯ್ದರೆ ಉಲ್ಲಾಸ್ ತನ್ನ ಪಾಂಡಿತ್ಯ ತೋರಿಸುತ್ತಾನೆ. ಲೂಯಿಸ್‌ವಿಲ್‌ಗೆ ಕಳಿಸಿದರೆ ಪ್ರತಾಪ್ ಐಸ್ ಹಾಕುತ್ತಾನೆ. ಈ ಟೆಕ್ಸಸ್‌ನಲ್ಲಿ ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಒಬ್ಬನೇ ಇದ್ದ. ಬಟ್ಟಲನ್ನು ಎತ್ತಿಕೊಂಡು ಹೋಗಿ ಅವನ ತೊಟ್ಟಿಯಲ್ಲಿ, ದೀಪ ಮಂದವಿರುವ ಮೂಲೆಯಲ್ಲಿ ಕಲ್ಲನ್ನು ಕೂರಿಸಿದೆ.

"ಇದು ಇಲ್ಲೇ ಇರಲಿ," ಎಂದೆ. "ದಿನಾ ಏನೇನು ಮಾಡಬೇಕು ಅಂತ ಹೇಳ್ತೀನಿ, ಬರಕೋರಿ."

ಅವನು ಪೆನ್ನು ಹುಡುಕಿ ತಂದು, ನಿನ್ನೆ ಪೂಜೆಗೆ ಸಾಮಾನು ತಂದ ಚೀಟಿಯ ಹಿಂದೆ ಬರೆಯಲು ಕುಳಿತ. ನಾನು ಮಾತು ಹುಡುಕಿಕೊಂಡೆ. ಒಂದೊಂದು ಶಬ್ದವನ್ನೂ ಬಾಯಿಗೆ ತರುವ ಮೊದಲು ತಿರುಗಿಸಿ ನೋಡಬೇಕಾಯಿತು.

"ಒಂದು. ಏನೇ ಆಗಲಿ, ಪ್ರೋಬ್ ನೀರಿನ್ಯಾಗ ಇರಬೇಕು."

ಬರೆದುಕೊಂಡ. ಆಮೇಲೆ ಪೆನ್ನು ಹಿಡಿದ ಹಾಗೇ ತಲೆಯೆತ್ತಿ, ಸ್ವಲ್ಪ ಹೆದರುತ್ತ ಕೇಳಿದ. "ಇದು ತಮಾಷೆಗೆ ಹೇಳಿದ್ದಲ್ಲ ತಾನೆ ಮೇಡಂ?"

"ಅಲ್ರಿ," ಎಂದೆ.